ಸಿದ್ದಲಿಂಗೇಶನ ಶಿವದಾರ

ಕೊಟ್ಟೂರಪ್ಪನನ್ನು ನಾನು ಕೇಳಿದ್ದು ಒಂದೇ ಒಂದು ಪ್ರಶ್ನೆ. ಯುದ್ಧಕ್ಕೆ ಹೋದ ಸಿಪಾಯಿ ಏನೇನು ಹೊರುತ್ತಾನೆ? ಮರುದಿನ ಬೆಳಿಗ್ಗೆ ಅವನು ಹಳೆಯ ಪ್ರಶ್ನೆಪತ್ರಿಕೆಯೊಂದರ ಬೆನ್ನಿಗೆ ಪಟ್ಟಿ ಬರೆದು ತಂದ. ರೈಫಲ್ಲು, ಗುಂಡು, ನೀರಿನ ಬಾಟಲಿ, ಹಗ್ಗ, ಸಲಿಕೆ, ಹೊದಿಕೆ, ಸೂಜಿ ದಾರ, ಕಾಲುಚೀಲ ನಾಲ್ಕು ಜೊತೆ. ಎಲ್ಲದರ ಮುಂದೆ ತೂಕ. ಕೊನೆಗೆ ಗೆರೆ ಎಳೆದು ಒಟ್ಟು ಮೂವತ್ತೊಂದು ಕಿಲೋ ಎಂದು ಬರೆದು ಸಹಿ ಬೇರೆ ಹಾಕಿದ್ದ.

"ಇಷ್ಟ ಏನಪಾ?" ಎಂದೆ.

"ಇಷ್ಟ ಅಂದ್ರ? ಒಮ್ಮಿ ಬೆನ್ನಿಗೆ ಹಾಕ್ಕೊಂಡು ನೋಡ್ರಿ ಮೇಡಂ, ಇಷ್ಟೋ ಅಷ್ಟೋ ಗೊತ್ತಾಗತೈತಿ."

ನಾನು ಕೇಳಿದ್ದು ಅದಲ್ಲ. ನಾನು ವಿಜಯಾಬಾಯಿ, ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷದಿಂದ ಕನ್ನಡ ಕಲಿಸುತ್ತಿದ್ದೇನೆ. ಬಿಡುವಿನಲ್ಲಿ ಕಾದಂಬರಿ ಬರೆಯುವ ಚಟವಿದೆ. ಈ ಸಲ ಯುದ್ಧದ ಕಾದಂಬರಿ. ಪಟಾಕಿ ಹಚ್ಚಲು ಹೆದರುವ ಹೆಂಗಸು ಯುದ್ಧ ಬರೆಯುತ್ತಾಳಂತೆ ಎಂದು ನಮ್ಮ ಯಜಮಾನರು ಓಣಿಯಲ್ಲೆಲ್ಲ ಹೇಳಿಕೊಂಡು ನಕ್ಕಿದ್ದಾರೆ. ನಗಲಿ. ಶಾಲೆಯ ಗೇಟು ಕಾಯಲು ಸೈನ್ಯದ ನಿಜವಾದ ಹವಾಲ್ದಾರನೇ ಕೂತಿರುವಾಗ ನನಗೇನು ಕೊರತೆ ಎಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು.

ಮಧ್ಯಾಹ್ನದ ಬಿಡುವಿನಲ್ಲಿ ಗೇಟಿನ ಬಳಿಯ ಬೇವಿನ ಮರದ ಕೆಳಗೆ ಅವನಿಗೆ ಒಂದು ಅಧ್ಯಾಯ ಓದಿದೆ. ನನ್ನ ಕಥಾನಾಯಕ ಗಡಿಗೆ ಹೋಗುವಾಗ ಅಂಗಳದ ಮಣ್ಣನ್ನು ಒಂದು ಡಬ್ಬಿಯಲ್ಲಿ ತುಂಬಿಕೊಳ್ಳುತ್ತಾನೆ. ಪ್ರೇಯಸಿಯ ನಲವತ್ತೆರಡು ಪತ್ರ ಇಟ್ಟುಕೊಳ್ಳುತ್ತಾನೆ. ಒಂದು ಕೊಳಲೂ ಉಂಟು. ಓದುವಾಗ ನಾನೇ ಎರಡು ಸಲ ಕನ್ನಡಕ ಒರೆಸಿಕೊಂಡೆ.

"ಮಣ್ಣು ಯಾಕ್ರಿ?" ಎಂದ ಕೊಟ್ಟೂರಪ್ಪ. "ಅಲ್ಲೇನು ಮಣ್ಣಿರಂಗಿಲ್ಲೇನು?"

"ಅದು ಊರಿನ ನೆನಪಪಾ."

"ಕೊಳಲು?"

"ಒಂಟಿತನ."

"ಕಾಲುಚೀಲ ಎಷ್ಟು ಜೊತಿ ಇಟ್ಟೀರಿ?"

ಕಾಲುಚೀಲ ನಾನು ಇಟ್ಟೇ ಇರಲಿಲ್ಲ.

"ಹಂಗಾದ್ರ ನಾಕನೇ ದಿನಕ್ಕ ಕಾಲಬೆರಳು ಕೊಳೀತಾವ್ರಿ. ಆಮ್ಯಾಲೆ ಕೊಳಲು ಊದಕೋಂತ ಕುಂದ್ರಬೇಕು ಅಷ್ಟ."

ಇಂಥವನ ಹತ್ತಿರ ಭಾವನೆ ಕೇಳಲು ಹೋದವಳು ನಾನು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. "ಹೆದರಿಕಿ ಆಗತಿತ್ತೇನು?" ಎಂದರೆ "ಚಳಿ ಆಗತಿತ್ರಿ" ಎನ್ನುವನು. "ಮನಿ ನೆನಪಾದಾಗ ಏನು ಮಾಡತಿದ್ರಿ?" ಎಂದರೆ "ಬೂಟು ಒರೆಸತಿದ್ವಿ" ಎನ್ನುವನು. ಒಂದು ಸಲ ಮಾತ್ರ, "ನಿನ್ನ ಗೆಳ್ಯಾರು ಯಾರರ ಸತ್ತಾರೇನಪಾ?" ಎಂದು ಕೇಳಿದೆ. ಅವನು ಎದ್ದು ಹೋಗಿ ಗೇಟು ತೆಗೆದ. ಹೊರಗೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ರಸ್ತೆ ನೋಡಿ, ಮತ್ತೆ ಮುಚ್ಚಿ ಬಂದ.

ಕೊಟ್ಟೂರಪ್ಪನಿಗೆ ಐವತ್ತಮೂರು. ಊರು ಕುರುಗೋಡು. ಸೈನ್ಯದಿಂದ ಬಂದು ಹನ್ನೆರಡು ವರ್ಷವಾಯಿತು, ನಮ್ಮ ಗೇಟಿನಲ್ಲಿ ಹತ್ತು ವರ್ಷ. ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಾನೆ. ಅವನಿಗೆ ಸಿಟ್ಟೇ ಬರುವುದಿಲ್ಲ, ನನಗೆ ಸಿಟ್ಟು ಬರುವುದೇ ಅದಕ್ಕೆ. ಕಾರು ಅಡ್ಡ ನಿಲ್ಲಿಸಿದ ತಂದೆಯೊಬ್ಬ ಅವನನ್ನು ಬಾಯಿಗೆ ಬಂದಂತೆ ಬೈದರೂ "ಆತ್ರಿ" ಎಂದ. ಪುಟ್ಟ ಮಕ್ಕಳ ಚೀಲಗಳನ್ನು ಎರಡೂ ತೋಳಿಗೆ ಹಾಕಿಕೊಂಡು ಬಸ್ಸಿನವರೆಗೆ ಹೊತ್ತು ಬಿಡುತ್ತಾನೆ, ಅದು ಅವನ ಕೆಲಸವೇ ಅಲ್ಲ. ಬೇಡ ಎಂದರೆ ಅದಕ್ಕೂ "ಆತ್ರಿ" ಎಂದು ಮರುದಿನ ಮತ್ತೆ ಹೊರುತ್ತಾನೆ.

ಶ್ರಾವಣದ ಒಂದು ಭಾನುವಾರ ಅವನ ಮನೆಗೆ ಹೋದೆ. ತಿದ್ದಿದ ಅಧ್ಯಾಯದಲ್ಲಿ ಕಾಲುಚೀಲ ಸೇರಿಸಿದ್ದೆ, ಈಗಲಾದರೂ ಒಪ್ಪಲಿ ಎಂಬ ಹಟ. ಕುರುಗೋಡಿನಲ್ಲಿ ಬಸ್ಸಿಳಿದು ಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಮನೆ ಹುಡುಕಿದಾಗ ಹತ್ತು ಗಂಟೆ. ಬಾಗಿಲು ತೆರೆದಿತ್ತು. ಪಡಸಾಲೆಯಲ್ಲಿ ಕೊಟ್ಟೂರಪ್ಪ ವಿಭೂತಿ ಹಚ್ಚಿಕೊಂಡು ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆಗೆ ಕೂತಿದ್ದ. ನಾನು ಹೊಸ್ತಿಲಲ್ಲೇ ನಿಂತೆ. ನಾವು ಮಾಧ್ವರು, ಆದರೆ ಲಿಂಗಪೂಜೆ ನೋಡಿ ಗೊತ್ತಿಲ್ಲದವರು ಈ ಸೀಮೆಯಲ್ಲಿ ಯಾರಿದ್ದಾರೆ? ಪೂಜೆ ಮುಗಿಸಿ ಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡ. ಏಳುತ್ತಾನೆ ಎಂದುಕೊಂಡೆ. ಏಳಲಿಲ್ಲ. ಪಕ್ಕದಲ್ಲಿದ್ದ ಸಣ್ಣ ಬಟ್ಟೆಯ ಗಂಟು ಬಿಚ್ಚಿ ಇನ್ನೊಂದು ಲಿಂಗ ತೆಗೆದು, ಅದೇ ಅಂಗೈಯಲ್ಲಿಟ್ಟು ಮತ್ತೆ ಮೊದಲಿನಿಂದ ಶುರು ಮಾಡಿದ.

ಒಬ್ಬ ಮನುಷ್ಯನಿಗೆ ಒಂದು ಲಿಂಗ. ದೀಕ್ಷೆಯಲ್ಲಿ ಬಂದದ್ದು ಮೈಮೇಲಿಂದ ಇಳಿಯುವಂತಿಲ್ಲ, ಸತ್ತರೆ ಅವನ ಅಂಗೈಯಲ್ಲೇ ಇಟ್ಟು ಮಣ್ಣು ಮಾಡುತ್ತಾರೆ. ಇವನ ಹತ್ತಿರ ಎರಡು ಹೇಗೆ?

ಅವನ ಹೆಂಡತಿ ಸಾವಂತ್ರಮ್ಮ ಅಡಿಗೆಮನೆಯಿಂದ ಬಂದು ನನ್ನ ಮುಖ ನೋಡಿದಳು. ಬಹಳ ದಿನದಿಂದ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದವಳ ಹಾಗೆ ಸೆರಗು ಸೊಂಟಕ್ಕೆ ಸಿಗಿಸಿದಳು.

"ನೋಡ್ರಿ ಬಾಯಾರ, ನೀವರ ನೋಡ್ರಿ. ಇಪ್ಪತ್ತಮೂರು ವರ್ಸ ಆತು. ಅದು ಸತ್ತವನ ಲಿಂಗ. ಸಿರಿಗೇರಿ ಸಿದ್ದಲಿಂಗೇಶಂದು. ಅವನ ಸಂಗಾಟ ಮಣ್ಣಿಗೆ ಹೋಗಬೇಕಾದ್ದು ನಮ್ಮನ್ಯಾಗ ಕುಂತೈತಿ. ಅವರವ್ವ ಇನ್ನಾ ಬದುಕ್ಯಾಳ, ಕೊಟ್ಟು ಬಾ ಅಂದ್ರ ಈ ಮನಿಷಾ ಪ್ರತಿ ವರ್ಸ ಸಿರಿಗೇರಿಗೆ ಹೋಗತಾನ, ಎಲ್ಡು ಕಿಲೋ ಸಕ್ಕರಿ ಕೊಟ್ಟು ಲಿಂಗ ವಾಪಸ್ ತರತಾನ!"

"ಮೆಲ್ಲಕ ಮಾತಾಡು," ಎಂದ ಕೊಟ್ಟೂರಪ್ಪ ಕಣ್ಣು ಮುಚ್ಚಿಕೊಂಡೇ.

"ಯಾಕ ಮೆಲ್ಲಕ? ಮುದುಕಿ ಹಾಸಿಗಿ ಹಿಡದಾಳಂತ. ನಾಳೆ ಆಕಿ ಹೋದ್ರ ಯಾರಿಗೆ ಕೊಡ್ತಿ? ನನಗ ಕೊಡ್ತಿ? ನೀ ಹೋದ ಮ್ಯಾಲೆ ನಿನ್ನ ಕೈಯಾಗ ಎಲ್ಡು ಇಡ್ಲೇನು?"

ಕೊಟ್ಟೂರಪ್ಪ ಪೂಜೆ ಮುಗಿಸಿ ಗಂಟು ಕಟ್ಟಿ ಎದ್ದ. "ಮುಂದಿನ ಭಾನುವಾರ ಹೋಗತೀನಿ," ಎಂದ. ಸಾವಂತ್ರಮ್ಮ ನನ್ನ ಕಡೆ ತಿರುಗಿ ಕೈಮುಗಿದಳು. "ನೀವು ಜೋಡಿ ಹೋಗ್ರೀ ತಾಯಿ. ಇಲ್ಲಂದ್ರ ಮತ್ತ ಸಕ್ಕರಿ ಕೊಟ್ಟು ಬರತಾನ."

ಒಪ್ಪಿಕೊಂಡೆ. ಕಾದಂಬರಿಗೆ ಒಳ್ಳೆಯ ಅಧ್ಯಾಯ ಸಿಕ್ಕಿತು ಎಂಬ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಮುಂದಿನ ಭಾನುವಾರ ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಸಿರುಗುಪ್ಪದ ಬಸ್ಸು ಹತ್ತಿದೆವು. ಅವನ ಕೈಯಲ್ಲಿ ಚೀಲ, ಚೀಲದಲ್ಲಿ ಸಕ್ಕರೆ. ನನಗೆ ಅಲ್ಲೇ ಮೈಯೆಲ್ಲ ಉರಿಯಿತು. ಲಿಂಗದ ಗಂಟು ಅಂಗಿಯ ಒಳಜೇಬಿನಲ್ಲಿತ್ತು, ದಾರಿಯುದ್ದಕ್ಕೂ ಕೈ ಅದರ ಮೇಲೇ ಇಟ್ಟುಕೊಂಡಿದ್ದ. ಸಿರಿಗೇರಿ ಕ್ರಾಸ್ ಬಂತು. ಕಂಡಕ್ಟರ್ ಎರಡು ಸಲ ಕೂಗಿದ. ನಾನು ಎದ್ದು ನಿಂತೆ. ಇವನು ಕಿಟಕಿಯ ಕಡೆ ಮುಖ ಮಾಡಿ ಕಲ್ಲಿನ ಹಾಗೆ ಕೂತ. "ಕೊಟ್ಟೂರಪ್ಪಾ, ಇಳಿಯಪಾ!" ಎಂದೆ. ಕೇಳಿಸಲೇ ಇಲ್ಲ ಎನ್ನುವ ಹಾಗಿದ್ದ. "ಏನಮ್ಮಾ, ದಿಗೇದುಂದಾ ಲೇದಾ?" ಇಳಿಯುವುದುಂಟೋ ಇಲ್ಲವೋ ಎಂದು ಹಿಂದಿನವನೊಬ್ಬ ತೆಲುಗಿನಲ್ಲಿ ರೇಗಿದ. ಬಸ್ಸು ಹೊರಟಿತು. ಯುದ್ಧ ಮಾಡಿ ಬಂದ ಗಂಡಸು, ಒಂದು ಕ್ರಾಸಿನಲ್ಲಿ ಇಳಿಯಲು ಧೈರ್ಯವಿಲ್ಲ!

ಸಿರುಗುಪ್ಪದಲ್ಲಿ ಇಳಿಸಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂರಿಸಿದೆ. ಪಕ್ಕದ ರೈಸ್‌ಮಿಲ್ಲಿನಿಂದ ಬೇಯಿಸಿದ ಭತ್ತದ ವಾಸನೆ ಬರುತ್ತಿತ್ತು. "ಹೇಳು. ಹೇಳದಿದ್ರ ನಾ ಇಲ್ಲಿಂದ ಏಳಂಗಿಲ್ಲ," ಎಂದೆ. ಮೂವತ್ತು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಧ್ವನಿ ಅದು, ಹವಾಲ್ದಾರನಿಗೂ ತಾಗಿತು.

"ನಮ್ಮ ಠಾಣೆ ಭಾಳ ಎತ್ತರದಾಗ ಇತ್ರಿ. ಬರೇ ಬರ್ಫ್, ಮಂಜುಗಡ್ಡಿ. ಇಡೀ ತುಕಡ್ಯಾಗ ನಮ್ಮ ಕಡ್ಯಾವ್ರು ಇಬ್ಬರ, ಅವನು, ನಾನು. ಬೆನ್ನಚೀಲದ ಪಟ್ಟಿ ಹೆಗಲು ತಿಂತೈತಿ ನೋಡ್ರಿ, ಅದು ಅವನ ಲಿಂಗದ ಶಿವದಾರನೂ ತಿಂತು. ಗಸ್ತಿಗೆ ಹೊಂಟಾಗ ಪಟ್ಟನ ಹರೀತು. ಲಿಂಗ ಕೈಯಾಗ ಹಿಡ್ಕೊಂಡು ನಿಂತ. ನನಗ ಜ್ವರ, ನಾ ಹೊಂಟಿದ್ದಿಲ್ಲ. ಸಾಹೇಬ್ರು ಅವಸರ ಮಾಡಾಕತ್ತಿದ್ರು."

"ಜೇಬಿನ್ಯಾಗ ಇಟ್ಕೊಬೇಕಿತ್ತು."

"ಜೇಬಿನ್ಯಾಗ ಗುಂಡು ಇದ್ವಲ್ರಿ. ಬಿದ್ದು ಬರ್ಫಿನ್ಯಾಗ ಹೋದ್ರ? 'ದಾರ ಹೊಸೆದು ಕಟ್ಟಿ ಇಡು ಲೇ ಕೊಟ್ಟೂರ, ಸಂಜಿಗೆ ಬಂದು ಹಾಕ್ಕೊಂತೀನಿ' ಅಂದ. ಬ್ಯಾರೆಯವ್ರ ಕೈಯಾಗ ಕೊಡತಿದ್ದಿಲ್ಲ. ನಾ ನಮ್ಮವನು ಅಂತ ಕೊಟ್ಟ. ಸೂಜಿ ದಾರ ಲಿಂಗಕ್ಕ ತಡಿಯಂಗಿಲ್ಲ, ನನ್ನ ಹತ್ರ ಗಟ್ಟಿ ದಾರ ಎಲ್ಲಿಂದ ಬರಬೇಕು? ಗಾಯಕ್ಕ ಕಟ್ಟೋ ಬಟ್ಟಿ ಎಳಿ ಬಿಚ್ಚಿ, ತೊಡಿ ಮ್ಯಾಲೆ ಉಜ್ಜಿ ಹೊಸೆದೆ. ಛಲೋ ಗಟ್ಟಿ ಬಂದಿತ್ತು. ಮಧ್ಯಾಹ್ನಕ್ಕ ಬರ್ಫ್ ಜಾರಿ ಅವನ ಮ್ಯಾಲೆ ಬಿತ್ತು. ಅವನ್ನ ತೆಗೆದು ಅಲ್ಲಿಂದ ಅಲ್ಲೇ ಕೆಳಗ ಒಯ್ದ್ರು, ನಾ ಮ್ಯಾಲೆ ಜ್ವರದಾಗ ಬಿದ್ದಿದ್ದೆ. ಲಿಂಗ ನನ್ನ ಎದಿ ಮ್ಯಾಲಿತ್ತು."

ನಾನು ಕೇಳಿದೆ. "ಊರಿಗೆ ಬಂದ ಕೂಡ್ಲೆ ಯಾಕ ಕೊಡಲಿಲ್ಲ?"

"ಕೊಡಾಕ ಹೋಗಿದ್ನಿರಿ. ಆರು ತಿಂಗಳ ಮ್ಯಾಲೆ ರಜಾ ಸಿಕ್ತು. ಒಳಗ ಕಾಲಿಡತಿದ್ದಂಗ ವೀರಭದ್ರಮ್ಮವ್ವ ಅಂದ್ಲು, 'ಏನರ ಆಗಲೆಪ್ಪಾ, ನನ ಮಗ ಲಿಂಗ ಬಿಟ್ಟು ಹೋಗಲಿಲ್ಲ. ಪೆಟ್ಟಿಗಿ ತೆಗೆದಾಗ ಎದಿ ಮ್ಯಾಲೆ ಇತ್ತು, ನಾನ ಕೈಲೆ ಮುಟ್ಟಿ ನೋಡೀನಿ' ಅಂತ. ಪಾಪ, ಕೊರಳಾಗಿನ ಮಿಲಿಟ್ರಿ ಗುರ್ತಿನ ಬಿಲ್ಲಿ ಮುಟ್ಟಿರಬೇಕು. ಆ ಮಾತು ಕೇಳಿದ ಮ್ಯಾಲೆ ಇದನ್ನ ಜೇಬಿನಿಂದ ಹೆಂಗ ತೆಗೀಲಿ ಹೇಳ್ರಿ? ಇದ್ದ ಒಂದು ಸಮಾಧಾನ ಕಸಗೊಳ್ಳಲೇನು? ಸಕ್ಕರಿ ಕೊಟ್ಟು ಬಂದೆ."

ಇಪ್ಪತ್ತಮೂರು ವರ್ಷ ಅದೇ ಸಕ್ಕರೆ! ಕಾದಂಬರಿಯ ನಾಯಕನಾಗಿದ್ದರೆ ಲಿಂಗವನ್ನು ತಾಯಿಯ ಮಡಿಲಲ್ಲಿಟ್ಟು ಒಂದು ಪುಟ ಅತ್ತಿರುತ್ತಿದ್ದ, ನಾನೂ ಹಗುರಾಗಿ ಮುಂದಿನ ಅಧ್ಯಾಯಕ್ಕೆ ಹೋಗುತ್ತಿದ್ದೆ. ಇವನ ವಾದದಲ್ಲಿ ತಪ್ಪು ಹುಡುಕಿದರೆ ತಪ್ಪೂ ಸಿಗುತ್ತಿಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ತಂದಿತು.

"ಹಾಸಿಗಿ ಹಿಡದಾಕಿಗೆ ಸುಳ್ಳು ಸಮಾಧಾನ ಬ್ಯಾಡಪಾ," ಎಂದೆ. "ಆಕಿ ಮಗಂದು, ಆಕಿಗೆ ಕೊಡು. ಆಕಿ ಅಳಲಿ, ನಿನ್ನ ಬೈಯಲಿ, ಏನರ ಮಾಡಲಿ. ನಡಿ."

ಅಲ್ಲಿಂದಲೇ ಆಟೋ ಮಾಡಿದೆ. ಬಸ್ಸಿನ ಸಹವಾಸ ಬೇಡ ಎಂದು, ಮತ್ತೆಲ್ಲಿ ಬಳ್ಳಾರಿಗೆ ಕರೆದುಕೊಂಡು ಹೋಗಿಬಿಡುತ್ತಾನೋ ಎಂದು.

ಸಿರಿಗೇರಿಯ ಮನೆಯಲ್ಲಿ ಬಾಗಿಲು ತೆಗೆದವಳು ಅಕ್ಷತಾ, ಸಿದ್ದಲಿಂಗೇಶನ ಅಣ್ಣನ ಮಗಳು. "ಸಕ್ಕರಿ ಮಾಮಾ ಬಂದ ನೋಡಬೇ ಅಜ್ಜಿ!" ಎಂದು ಒಳಗೆ ಕೂಗಿದಳು. ಈ ಮನೆಯಲ್ಲಿ ಇವನ ಹೆಸರೇ ಅದಾಗಿಬಿಟ್ಟಿತ್ತು. ವೀರಭದ್ರಮ್ಮ ಒಳಕೋಣೆಯ ಹೊರಸಿನ ಮೇಲೆ ಮಲಗಿದ್ದಳು. ಎಂಬತ್ತು ದಾಟಿದ ಜೀವ, ಮೂಳೆ ತೊಗಲು ಅಷ್ಟೇ ಉಳಿದಿತ್ತು. ಎದೆಯ ಮೇಲೆ ಬೆಳ್ಳಿಯ ಕರಡಿಗೆ ಮಾತ್ರ ಫಳಫಳ ಹೊಳೆಯುತ್ತಿತ್ತು. ನಾನು ಶಾಲೆಯ ಮೇಡಂ ಎಂದು ಕೊಟ್ಟೂರಪ್ಪ ಹೇಳಿದ. ಮುದುಕಿ ತಲೆಯಾಡಿಸಿ ಮೊಮ್ಮಗಳನ್ನು ಚಹಾ ಮಾಡಲು ಕಳಿಸಿದಳು.

ಕೊಟ್ಟೂರಪ್ಪ ಹೊರಸಿನ ಪಕ್ಕ ಕೂತು ಸಕ್ಕರೆಯ ಚೀಲ ಇಟ್ಟ. ನಾನು ಕೆಮ್ಮಿದೆ. ಮಳೆ ಹೇಗಿದೆ ಎಂದು ಕೇಳಿದ. ಮತ್ತೆ ಕೆಮ್ಮಿದೆ. ಕಾಲುವೆಗೆ ನೀರು ಬಂತೇ ಎಂದು ಕೇಳಿದ. ನನಗೆ ತಡೆಯಲಾಗಲಿಲ್ಲ. "ಕೊಟ್ಟೂರಪ್ಪಾ!" ಎಂದೆ.

ಅವನು ಒಳಜೇಬಿಗೆ ಕೈ ಹಾಕಿದ. ಗಂಟು ಬಿಚ್ಚಲು ಬೆರಳು ಕೇಳಲಿಲ್ಲ, ಹಲ್ಲಿನಿಂದ ಬಿಚ್ಚಿದ. ಲಿಂಗವನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದ. ಹಳದಿಗಟ್ಟಿದ ದಾರ ಬೆರಳ ಸಂದಿಯಿಂದ ಇಳಿಬಿದ್ದಿತ್ತು.

"ಸಿದ್ದಂದು ಬೇ. ಅವತ್ತು ದಾರ ಹರೀತು. ನನ್ನ ಕೈಯಾಗ ಕೊಟ್ಟು ಹೋಗಿದ್ದ. ನೀ ಮುಟ್ಟಿದ್ದು ಬ್ಯಾರೆ ಏನೋ ಬೇ. ನನ್ನ ತಪ್ಪಾತು."

ಮುದುಕಿ ನೋಡಿದಳು. ಅಳುತ್ತಾಳೆ ಎಂದು ನಾನು ಹತ್ತಿರ ಸರಿದೆ. ಅವಳು ಅಳಲಿಲ್ಲ.

"ಬಾಗಲಾ ಮುಂದಕ ಮಾಡವ್ವಾ," ಎಂದಳು ನನಗೆ. ಬಾಗಿಲು ಮುಚ್ಚಿದೆ. ತನ್ನ ಎದೆಯ ಕರಡಿಗೆಯ ಮುಚ್ಚಳ ತೆಗೆದು ನಮ್ಮ ಕಡೆ ತಿರುಗಿಸಿದಳು. ಒಳಗೆ ಲಿಂಗವಿರಲಿಲ್ಲ. ಒಂದು ಹುಣಸೆಬೀಜವಿತ್ತು.

"ನಾ ಮುಟ್ಟಿದ್ದು ಖರೇ ಲೇ," ಎಂದಳು. "ಪೆಟ್ಟಿಗಿ ಮುಚ್ಚಳ ಎಲ್ಡು ನಿಮಿಷ ತೆಗೆದ್ರು. ಎದಿ ಮ್ಯಾಲೆ ಕೈಯಾಡಿಸಿದೆ, ಲಿಂಗ ಇದ್ದಿಲ್ಲ. ಕುಂದ್ರಿಸಿ ಮಣ್ಣು ಮಾಡೋ ಪದ್ಧತಿ ನಮ್ದು, ಅದನ್ನೂ ಬಿಟ್ಟು ಪೆಟ್ಟಿಗಿ ಸಮೇತ ಮಲಗಿಸಾಕ ಹೊಂಟಿದ್ರು. ಲಿಂಗನೂ ಇಲ್ಲದಂಗ ಹೆಂಗ ಕಳಸಲಿ? ಸೆರಗಿನ್ಯಾಗ ನಂದು ಬಿಚ್ಚಿ, ಅವನ ಅಂಗಿಯೊಳಗ ಇಟ್ಟುಬಿಟ್ಟೆ. ಪೂಜಿಗೆ ಬಂದ ಐನಾರು ಲಿಂಗ ಎಲ್ಲಿ ಅಂತ ಕೇಳಿದ್ರು. ಎದಿ ಮ್ಯಾಲೆ ಐತಿ, ಮುಟ್ಟಿ ನೋಡೀನಿ ಅಂದೆ."

"ಮತ್ತ ನೀನು ಬೇ?" ಎಂದ ಕೊಟ್ಟೂರಪ್ಪ.

"ನಾ ಏನು? ಹೊಸಾದು ಕೇಳಿದ್ರ ಹಳೇದು ಎಲ್ಲೈತಿ ಅಂತಿದ್ರು. ಮಗಾ ಬರಿಗೊರಳಿಲೆ ಬಂದಿದ್ದ ಅಂತ ಊರಿಗೆ ಗೊತ್ತಾಗತಿತ್ತು. ಖಾಲಿ ಇದ್ರ ಹಗುರ ಆಗಿ ಎಲ್ಲಾರಿಗೂ ತಿಳೀತೈತಿ ಅಂತ ಬೀಜ ಹಾಕ್ಕೊಂಡೆ. ದಿನಾ ಮುಂಜಾನೆ ಗ್ವಾಡಿ ಕಡೆ ಮುಖ ಮಾಡಿ, ಕೈಯಾಗ ಬೀಜ ಇಟ್ಕೊಂಡು ಕುಂದರತೀನಿ. ಇಪ್ಪತ್ತಮೂರು ವರ್ಸ."

ಇವನು ಆಕೆಯ ಸಮಾಧಾನ ಕಾಯಲು ಬಚ್ಚಿಟ್ಟ, ಆಕೆ ಮಗನ ಮಾನ ಕಾಯಲು ಬಚ್ಚಿಟ್ಟಳು. ಮೊದಲ ವರ್ಷವೇ ಇವನು ಜೇಬಿಗೆ ಕೈ ಹಾಕಿದ್ದರೆ ಮುಗಿಯುತ್ತಿತ್ತು.

ಆಮೇಲೆ ಸಿಟ್ಟು ಬಂದದ್ದು ಮುದುಕಿಗೆ. ಎದ್ದು ಕೂರಲಾಗದವಳು ಮೊಣಕೈ ಊರಿ ಎದ್ದೇ ಕೂತಳು. "ಲೇ ಮೂಳಾ, ವರ್ಸಾ ಬಂದು ಇಲ್ಲೇ ಕುಂತು ಮಳಿ ಕೇಳತಿದ್ದೆಲ್ಲೋ! ಬೆಳಿ ಕೇಳತಿದ್ದೆಲ್ಲೋ! ಒಮ್ಮಿಯರ ಇದನ್ನ ತೆಗೀಬಾರದಾಗಿತ್ತಾ? ನನಗ ಸಕ್ಕರಿ ಜಡ್ಡು ಬಂದು ಹದಿನೈದು ವರ್ಸ ಆತು, ಅದರ ಮ್ಯಾಲೂ ಎಲ್ಡೆಲ್ಡು ಕಿಲೋ ಸಕ್ಕರಿ ಹೊತ್ಕೊಂಡು ಬರತಿದ್ದೆಲ್ಲೋ ನೀನು!"

"ಆತು ಬೇ," ಎಂದ ಕೊಟ್ಟೂರಪ್ಪ.

ಮುದುಕಿ ಹುಣಸೆಬೀಜವನ್ನು ತೆಗೆದು ಹೊರಸಿನ ಕೆಳಗೆ ಎಸೆದಳು. ಮಗನ ಲಿಂಗವನ್ನು ಎತ್ತಿಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ದಾರದ ಎರಡೂ ತುದಿ ಹಿಡಿದು ಜಗ್ಗಿ ನೋಡಿದಳು, ಒಂದು ಸಲವಲ್ಲ, ಮೂರು ಸಲ.

"ನೀನ ಹೊಸೆದ್ಯಾ?"

"ಹ್ಞೂಂ ಬೇ. ಸಂಜಿಗೆ ಬಂದು ಹಾಕ್ಕೊಂತೀನಿ ಅಂದಿದ್ದ."

"ಗಟ್ಟಿ ಐತಿ," ಎಂದಳು ವೀರಭದ್ರಮ್ಮ.

ಕೊಟ್ಟೂರಪ್ಪ ತಲೆ ತಗ್ಗಿಸಿ ಹೊರಸಿನ ಹಗ್ಗ ಹಿಡಿದುಕೊಂಡ. ಅವನು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಅಕ್ಷತಾ ಚಹಾ ತಂದು ಬಾಗಿಲು ತಟ್ಟಿದಾಗ ಮುದುಕಿ ಕರಡಿಗೆ ಮುಚ್ಚಿ ಮಲಗಿದ್ದಳು.

ವಾಪಸು ಬರುವಾಗ ಬಸ್ಸಿನಲ್ಲಿ ನಾನೇ ಸಮಾಧಾನದ ಮಾತು ತೆಗೆದೆ. "ಈಗರ ಹಗುರಾತೇನಪಾ?"

ಅವನು ಯೋಚಿಸಿ, ತೂಕದ ಪಟ್ಟಿ ಬರೆದಷ್ಟೇ ನಿಧಾನವಾಗಿ ಹೇಳಿದ. "ಇಲ್ರಿ. ಮೊದಲ ಕೊಟ್ಟಿದ್ರ ಆಕಿ ಇಪ್ಪತ್ತಮೂರು ವರ್ಸ ಲಿಂಗಪೂಜಿ ಮಾಡತಿದ್ಲು. ಬೀಜ ಪೂಜಿ ಮಾಡಿಸಿದೆ ನಾನು. ಅದನ್ನ ಇನ್ನ ಹೊರಬೇಕಲ್ರಿ."

ಇಂಥವನಿಗೆ ಏನು ಹೇಳುವುದು? ಒಂದು ಇಳಿಸಿ ಬರಲಿ ಎಂದು ಕರೆದುಕೊಂಡು ಹೋದರೆ ಇನ್ನೊಂದನ್ನು ಹೊತ್ತುಕೊಂಡು ಬಂದ. ನನ್ನ ಕಾದಂಬರಿಯಿಂದ ಮಣ್ಣಿನ ಡಬ್ಬಿ, ಕೊಳಲು ಎರಡನ್ನೂ ಆ ವಾರವೇ ತೆಗೆದುಹಾಕಿದೆ. ಬದಲಿಗೆ ಏನಿಡಬೇಕೆಂದು ತಿಳಿಯದೆ ಆ ಪುಟ ಇನ್ನೂ ಹಾಗೇ ಇದೆ.

ವೀರಭದ್ರಮ್ಮ ಮಾಘದಲ್ಲಿ ತೀರಿಕೊಂಡಳು. ಅದಕ್ಕೇ ಇದನ್ನೆಲ್ಲ ಈಗ ಬರೆಯುತ್ತಿದ್ದೇನೆ, ಇರುವಾಗ ಬರೆದಿದ್ದರೆ ಆಕೆ ನನ್ನನ್ನೂ ಬಿಡುತ್ತಿರಲಿಲ್ಲ. ಕೊಟ್ಟೂರಪ್ಪನ ಜೊತೆ ನಾನೂ ಮಣ್ಣಿಗೆ ಹೋಗಿದ್ದೆ. ಈ ಸಲ ಅವನು ಕ್ರಾಸಿನಲ್ಲಿ ನನಗಿಂತ ಮೊದಲೇ ಇಳಿದ. ಗುಣಿಯಲ್ಲಿ ಆಕೆಯನ್ನು ಕೂರಿಸಿ, ಐನಾರು ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟರು. ಹಳದಿಗಟ್ಟಿದ ದಾರ ಅವರ ಕಣ್ಣಿಗೆ ಬಿತ್ತು. "ಇದೆಂಥಾ ದಾರಲೇ, ಹೊಸಾದು ಯಾರರ ತರ್ರಿ," ಎಂದರು.

"ಹೊಸಾದು ಬ್ಯಾಡ್ರಿ ಅಪ್ಪಾರ," ಎಂದ ಕೊಟ್ಟೂರಪ್ಪ. ನಾನು ಅವನ ಬಾಯಲ್ಲಿ "ಬ್ಯಾಡ" ಎಂಬ ಮಾತು ಕೇಳಿದ್ದೇ ಮೊದಲು. "ಅದ ಇರ್ಲಿ. ಆಕಿ ಜಗ್ಗಿ ನೋಡ್ಯಾಳ."